ಹೈಸ್ಕೂಲಿಗೆ ಹೊರಟ ಮಗಳ ತಾಯಿಗೆ

ಶಿವಮೊಗ್ಗ,
ಮೇ ತಿಂಗಳ ಕೊನೆಯ ವಾರ

ಚಿ॥ ಸೌ॥ ತಂಗಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಪುಟ್ಟಿಗೆ ತೀರ್ಥಹಳ್ಳಿಯ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ, ಅದೂ ಇಂಗ್ಲಿಷ್ ಮಾಧ್ಯಮದ ವಿಭಾಗದಲ್ಲಿ ಪ್ರವೇಶ ಸಿಕ್ಕಿತೆಂದು ಫೋನಿನಲ್ಲಿ ಹೇಳುವಾಗ ನಿನ್ನ ದನಿಯಲ್ಲಿ ಸಂತೋಷಕ್ಕಿಂತ ಆತಂಕವೇ ಹೆಚ್ಚಾಗಿ ಕೇಳಿಸಿತು. ಎರಡು ಮಕ್ಕಳನ್ನು ಹೈಸ್ಕೂಲಿಗೆ ಕಳುಹಿಸಿದವಳಾದ್ದರಿಂದ, ಈ ವಿಷಯವಾಗಿ ನಾಲ್ಕು ಮಾತನ್ನು ನಿಧಾನವಾಗಿ ಬರೆದೇ ತಿಳಿಸಬೇಕೆಂದು ಕುಳಿತಿದ್ದೇನೆ.

ಮೊದಲ ದಿನ ನೀನು ಶಾಲೆಯ ಗೇಟಿನವರೆಗೆ ಹೋಗು, ತಪ್ಪಿಲ್ಲ. ಆದರೆ ತರಗತಿಯ ಬಾಗಿಲವರೆಗೆ ಹೋಗಿ, ಯಾವ ಬೆಂಚಿನಲ್ಲಿ ಯಾರ ಪಕ್ಕದಲ್ಲಿ ಕೂರಬೇಕೆಂದು ನೀನೇ ಗೊತ್ತುಮಾಡಿ ಬರಬೇಡ. ಊರಿನ ಶಾಲೆಯಲ್ಲಿ ಅವಳು ಏಳನೆಯ ತರಗತಿಯ ನಾಯಕಿಯಾಗಿದ್ದವಳು. ಪ್ರಾರ್ಥನೆ ಹೇಳಿಸುವುದರಿಂದ ಹಿಡಿದು ಬಿಸಿಯೂಟದ ತಟ್ಟೆ ಜೋಡಿಸುವವರೆಗೆ ಎಲ್ಲವೂ ಅವಳ ಮುಂದಾಳತ್ವದಲ್ಲೇ ನಡೆಯುತ್ತಿತ್ತು. ಇನ್ನು ಮುಂದೆ ಅವಳು ಇಡೀ ಶಾಲೆಗೆ ಅತ್ಯಂತ ಕಿರಿಯಳು. ನನ್ನ ಮಗಳ ತರಗತಿಯಲ್ಲಿ ಆ ದಿನ ಒಂದೊಂದು ಹಳ್ಳಿಯ ಮಕ್ಕಳು ಒಂದೊಂದು ಗುಂಪಾಗಿ, ಬ್ಯಾಗನ್ನು ತೊಡೆಯ ಮೇಲಿಂದ ಕೆಳಗಿಡದೆ ಕುಳಿತಿದ್ದರು. ಪೇಟೆಯ ಕಾನ್ವೆಂಟಿನಿಂದ ಬಂದವರು ಮಾತ್ರ ಮುಂದಿನ ಬೆಂಚು ಹಿಡಿದು ಗಟ್ಟಿಯಾಗಿ ಮಾತನಾಡುತ್ತಿದ್ದರು. ಆ ಕೋಣೆಯಲ್ಲಿ ತನ್ನ ಜಾಗವನ್ನು ಮಗು ತಾನೇ ಕಂಡುಕೊಳ್ಳಬೇಕು. ತಾಯಿ ಕೊಡಿಸಿದ ಜಾಗ ಅಲ್ಲಿ ಬಹಳ ದಿನ ನಿಲ್ಲುವುದಿಲ್ಲ.

ಸಂಜೆ ಅವಳು ಮನೆಗೆ ಬಂದೊಡನೆ ಪ್ರಶ್ನೆಗಳ ಮಳೆ ಸುರಿಸಬೇಡ. ಊರಿನ ಶಾಲೆಯಲ್ಲಿ ಒಬ್ಬಿಬ್ಬರು ಮೇಷ್ಟ್ರುಗಳೇ ಎಲ್ಲ ಪಾಠವನ್ನೂ ಮಾಡುತ್ತಿದ್ದರು. ಇಲ್ಲಿ ಗಂಟೆ ಹೊಡೆದ ಹಾಗೆಲ್ಲ ಒಬ್ಬರು ಹೋಗಿ ಇನ್ನೊಬ್ಬರು ಬರುತ್ತಾರೆ. ಅಷ್ಟೊಂದು ಹೊಸ ಮುಖ, ಹೊಸ ದನಿ, ಹೊಸ ಗದರಿಕೆಗಳನ್ನು ಒಂದೇ ದಿನ ಕಂಡುಬಂದ ಮಗುವಿಗೆ ಮೊದಲು ಬೇಕಾಗಿರುವುದು ಊಟ ಮತ್ತು ಮೌನ. ನನ್ನ ಮಗಳು ಅವಲಕ್ಕಿ ತಿಂದು ಸುಮ್ಮನೆ ಒಳಗೆ ಹೋದವಳು, ರಾತ್ರಿ ನಾನು ಒಣಗಿದ ಬಟ್ಟೆ ಮಡಚುತ್ತಿದ್ದಾಗ ತಾನಾಗಿಯೇ ಬಂದು ಕುಳಿತು, ಹಿಂದಿ ಮೇಡಂ ತನ್ನ ಹೆಸರನ್ನು ತಪ್ಪಾಗಿ ಕರೆದದ್ದರಿಂದ ಮೊದಲುಮಾಡಿ ಎಲ್ಲವನ್ನೂ ಹೇಳಿದಳು. ಅಂಥ ಹೊತ್ತಿನಲ್ಲಿ ನೀನು ಅವಳ ಕೈಗೆ ಸಿಗುವಂತೆ ಇರು. ಅಷ್ಟೇ ಸಾಕು.

ಭಾಷೆಯ ವಿಷಯ ಸ್ವಲ್ಪ ಗಂಭೀರವಾದದ್ದು. ಏಳು ವರ್ಷ ಕನ್ನಡದಲ್ಲಿ ಗಣಿತ, ವಿಜ್ಞಾನ ಓದಿದ ಮಗು ಅವನ್ನೇ ಇಂಗ್ಲಿಷಿನಲ್ಲಿ ಕೇಳಿದಾಗ, ಗೊತ್ತಿದ್ದ ಉತ್ತರಕ್ಕೂ ಕೈ ಎತ್ತಲು ಹಿಂಜರಿಯುತ್ತದೆ. ಅದನ್ನು ದಡ್ಡತನವೆಂದು ನೀನೂ ತಿಳಿಯಬೇಡ, ಹಾಗೆಂದು ಅವಳೂ ತಿಳಿಯದಂತೆ ನೋಡಿಕೋ. ಒಂದು ನೋಟ್ ಪುಸ್ತಕದಲ್ಲಿ ಪ್ರತಿ ಪಾಠದ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಎದುರುಬದುರು ಬರೆದುಕೊಳ್ಳಲು ಹೇಳು. ಅವಳ ಏಳನೆಯ ತರಗತಿಯ ಕನ್ನಡ ಪಠ್ಯಪುಸ್ತಕಗಳನ್ನು ಈ ವರ್ಷ ಯಾರಿಗೂ ಕೊಡಬೇಡ. ಗಣೇಶನ ಹಬ್ಬದ ಹೊತ್ತಿಗೂ ಪಾಠ ಹಿಡಿತಕ್ಕೆ ಬರದಿದ್ದರೆ, ಕನ್ನಡ ಮಾಧ್ಯಮದ ವಿಭಾಗಕ್ಕೆ ಬದಲಾಯಿಸಲು ಸಾಧ್ಯವೇ ಎಂದು ಮುಖ್ಯೋಪಾಧ್ಯಾಯರನ್ನು ಸಂಕೋಚವಿಲ್ಲದೆ ಕೇಳು. ಅರ್ಥವಾಗದೆ ಉರು ಹೊಡೆಯುವುದಕ್ಕಿಂತ ಅರ್ಥವಾಗಿ ಓದುವುದೇ ಮೇಲು ಎಂಬುದು ನನ್ನ ಖಚಿತವಾದ ಅಭಿಪ್ರಾಯ; ನಾಲ್ಕು ಜನ ಏನೆನ್ನುತ್ತಾರೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಎಸ್‌ಎಸ್‌ಎಲ್‌ಸಿಯ ಮಾತನ್ನು ಈಗಲೇ ಎತ್ತಬೇಡ. ಎಂಟನೆಯ ತರಗತಿಗೆ ಕಾಲಿಟ್ಟ ದಿನವೇ ‘ಇನ್ನು ಮೂರೇ ವರ್ಷ, 625ಕ್ಕೆ ಎಷ್ಟು ತೆಗೆಯುತ್ತೀಯ’ ಎಂದು ಕೇಳುವ ನೆಂಟರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಉತ್ತರ ಹೇಳುವ ಹೊರೆಯನ್ನು ನೀನೇ ಹೊತ್ತುಕೋ. ಟ್ಯೂಷನ್ನಿಗೂ ಮೊದಲ ಮೂರು ತಿಂಗಳು ಸೇರಿಸಬೇಡ. ತರಗತಿಯಲ್ಲಿ ತನಗೆ ತಿಳಿಯದ್ದನ್ನು ಅಲ್ಲಿಯೇ ಎದ್ದು ನಿಂತು ಕೇಳುವ ಅಭ್ಯಾಸ ಹುಟ್ಟಬೇಕಾದರೆ, ಸಂಜೆ ಬೇರೆ ಯಾರೋ ಹೇಳಿಕೊಡುತ್ತಾರೆಂಬ ಭರವಸೆ ಇರಬಾರದು.

ನಿನ್ನ ಪಾಲಿನ ಕೆಲಸಗಳೂ ಇವೆ. ವರ್ಗಾವಣೆ ಪತ್ರ ಕೊಡುವಾಗ ದಾಖಲಾತಿ ಪುಸ್ತಕದಲ್ಲಿ ಅವಳ ಹೆಸರು, ತಂದೆ ತಾಯಿಯ ಹೆಸರು, ಜನ್ಮದಿನಾಂಕ ಇವನ್ನು ಅಕ್ಷರ ಅಕ್ಷರವಾಗಿ ಓದಿ ನೋಡು. ಆಧಾರ್ ಕಾರ್ಡಿನೊಡನೆ ಹೋಲಿಸು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಚ್ಚಾಗುವುದು ಶಾಲೆಯ ದಾಖಲೆಯಲ್ಲಿರುವುದೇ, ಮುಂದೆ ಪಾಸ್‌ಪೋರ್ಟಿಗೂ ನೌಕರಿಗೂ ತೋರಿಸಬೇಕಾದದ್ದು ಅದನ್ನೇ. ಅಂಕಪಟ್ಟಿ ಬಂದ ಮೇಲೆ ತಿದ್ದಿಸಲು ಪಡುವ ಪಾಡು ಬಹಳ ದೊಡ್ಡದು.

ಹೋಗಿಬರುವ ದಾರಿಯ ಬಗ್ಗೆಯೂ ಯೋಚಿಸು. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವೇನೋ ಹೌದು, ಆದರೆ ನಮ್ಮ ಮಲೆನಾಡಿನಲ್ಲಿ ಓಡಾಡುವುದು ಖಾಸಗಿ ಬಸ್ಸುಗಳೇ ಹೆಚ್ಚು. ಆಧಾರ್ ಕಾರ್ಡಿನ ಜೊತೆಗೆ ಟಿಕೆಟ್ಟಿನ ಚಿಲ್ಲರೆಯೂ ಜಾಮಿಟ್ರಿ ಬಾಕ್ಸಿನಲ್ಲಿ ಸದಾ ಇರಲಿ. ಜೂನ್ ತಿಂಗಳ ಮಳೆಗೆ ಕೊಡೆಯೊಂದೇ ಸಾಲದು. ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿನೊಳಗಿಡಲು ಕಲಿಸು. ಹದಿಮೂರರ ಹುಡುಗಿ, ಬ್ಯಾಗಿನ ಒಳಜೇಬಿನಲ್ಲಿ ಎರಡು ಪ್ಯಾಡೂ ಇರಲಿ. ಶುಚಿ ಯೋಜನೆಯ ಪ್ಯಾಡುಗಳು ಶಾಲೆಗೆ ಬರುತ್ತವೆಯಾದರೂ, ಯಾರನ್ನು ಕೇಳಬೇಕೆಂಬುದು ಹೊಸದಾಗಿ ಬಂದ ಮಗುವಿಗೆ ತಿಳಿದಿರುವುದಿಲ್ಲ.

ಇನ್ನೊಂದನ್ನು ಮರೆಯಬೇಡ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗಾಗಿ ಎನ್‌ಎಂಎಂಎಸ್ ಎಂಬ ಪರೀಕ್ಷೆಯಿದೆ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದವರಿಗೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಅರ್ಜಿ ಶಾಲೆಯ ಮೂಲಕವೇ ಹೋಗಬೇಕಾದ್ದರಿಂದ ಯಾವಾಗ ಕರೆಯುತ್ತಾರೆಂದು ವಿಚಾರಿಸುತ್ತಿರು. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಈಗಲೇ ಮಾಡಿಸಿಡು. ಬರೆಯಬೇಕೋ ಬೇಡವೋ ಎಂಬುದನ್ನು ಮಾತ್ರ ಅವಳನ್ನೇ ಕೇಳಿ ನಿರ್ಧರಿಸು.

ಈ ಪತ್ರವನ್ನು ನಿನ್ನ ಯಜಮಾನರಿಗೂ ಓದಲು ಕೊಡು. ಟ್ಯೂಷನ್ನಿನ ವಿಷಯದಲ್ಲಿ ಅವರ ಅವಸರ ನಿನಗಿಂತ ಹೆಚ್ಚೆಂದು ಬಲ್ಲೆ. ಪುಟ್ಟಿಗೆ ನನ್ನ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ಅಕ್ಕ