ಪ್ರಬಂಧದೊಂದಿಗೆ ಪೈಪ್‌ಲೈನನ್ನೂ ಕೇಳಿ ಪಡೆಯಿರಿ

ಮಾನ್ಯ ಸಂಪಾದಕರೇ,

ನದೀಮುಖದ ಕೆಸರು, ಮೀನಿನ ಕರುಳು, ಮನೆಯ ಉಪ್ಪಿನಕಾಯಿ ಹೀಗೆ ನಮ್ಮ ಕರಾವಳಿಯ ಸೂಕ್ಷ್ಮಾಣುಜೀವಿಗಳನ್ನು ಡಿಎನ್‌ಎ ಮೂಲಕ ಗುರುತಿಸುವ ಕೆಲಸಕ್ಕೆ ವಿದ್ಯಾರ್ಥಿಗಳು ಉತ್ಸಾಹದಿಂದ ಬರುತ್ತಾರೆ. ಆದರೆ ಮಾದರಿ ಸಂಗ್ರಹಕ್ಕೆ ಕೊಡುವ ಎಚ್ಚರವನ್ನು ಅಧ್ಯಾಪಕರಾದ ನಾವು ಕಂಪ್ಯೂಟರಿನಲ್ಲಿ ನಡೆಯುವ ವಿಶ್ಲೇಷಣೆಗೆ, ಅಂದರೆ ಒಂದರ ನಂತರ ಒಂದಾಗಿ ಸಾಗುವ ತಂತ್ರಾಂಶ ಹಂತಗಳ ‘ಪೈಪ್‌ಲೈನ್’ಗೆ, ಕೊಡುತ್ತಿಲ್ಲ ಎಂಬ ಸಂಕಟದಿಂದ ಈ ಪತ್ರ.

ನನ್ನ ವಿದ್ಯಾರ್ಥಿನಿಯೊಬ್ಬಳು ಉಡುಪಿಯ ಆಸುಪಾಸಿನ ಮನೆಗಳಿಂದ, ಮಳೆಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ನೀರನ್ನು ಸಂಗ್ರಹಿಸಿದ್ದಳು. ಡಿಎನ್‌ಎ ಓದಿಸಲು ಹೊರಗಿನ ಪ್ರಯೋಗಾಲಯವೊಂದಕ್ಕೆ ಕಳುಹಿಸಿದಾಗ ಬಂದದ್ದು ಬಣ್ಣಬಣ್ಣದ ನಕ್ಷೆಗಳ ಒಂದು ಪಿಡಿಎಫ್ ಮಾತ್ರ. ಭರಣಿಯ ಮುಚ್ಚಳ ತೆಗೆದರೆ ಮೂಗಿಗೆ ಹುಳಿ ಅಡರುತ್ತಿತ್ತು. ವರದಿಯ ಪ್ರಕಾರ ಹುಳಿ ಬರಿಸುವ ಲ್ಯಾಕ್ಟೋಬ್ಯಾಸಿಲಸ್ ಬಳಗ ಇಲ್ಲವೆನ್ನುವಷ್ಟು ಕಡಿಮೆ. ಯಾವ ತಂತ್ರಾಂಶ, ಯಾವ ಆವೃತ್ತಿ ಎಂದು ಕೇಳಿದರೆ ಅದು ತಮ್ಮ ಸ್ವಂತದ್ದು ಎಂಬ ಉತ್ತರ ಸಿಕ್ಕಿತು.

ಕಚ್ಚಾ ದತ್ತಾಂಶವನ್ನು ತರಿಸಿಕೊಂಡು, ಇಂಥ ವಿಶ್ಲೇಷಣೆಗೆಂದೇ ಇರುವ ‘ಚೈಮ್ 2’ ತಂತ್ರಾಂಶದಲ್ಲಿ ಹಂತಹಂತವಾಗಿ ನಡೆಸಿದಾಗ ಕಾರಣ ತಿಳಿಯಿತು. ಬ್ಯಾಕ್ಟೀರಿಯಾವನ್ನು ಗುರುತಿಸಲು ಬಳಸುವ 16ಎಸ್ ಜೀನ್ ಸುಮಾರು 1,500 ಡಿಎನ್‌ಎ ಅಕ್ಷರಗಳಷ್ಟು ಉದ್ದ. ನಾವು ಓದಿಸಿದ್ದು ಅದರಲ್ಲಿ ಸುಮಾರು 460 ಅಕ್ಷರಗಳ ಭಾಗವನ್ನು. ಯಂತ್ರವು ಎರಡೂ ತುದಿಗಳಿಂದ 250ರಂತೆ ಓದುವುದರಿಂದ ನಡುವೆ ಸುಮಾರು 40 ಅಕ್ಷರಗಳು ಒಂದರ ಮೇಲೊಂದು ಬರುತ್ತವೆ. ಓದಿನ ಕೊನೆಯಲ್ಲಿ ತಪ್ಪು ಹೆಚ್ಚಿರುತ್ತದೆಂದು ಎರಡೂ ಕಡೆ 20 ಅಕ್ಷರ ಕತ್ತರಿಸಿಬಿಟ್ಟರೆ ತುದಿಗೆ ತುದಿ ತಾಗೀತೇ ಹೊರತು ಎರಡು ಓದುಗಳನ್ನು ಒಂದಾಗಿ ಬೆಸೆಯಲು ಬೇಕಾದಷ್ಟು ಉಳಿಯದು. ಈ ಬೆಸುಗೆ ಮಾಡುವ ‘ಡಾಡಾ2’ ತಂತ್ರಾಂಶ ಸಾಮಾನ್ಯವಾಗಿ ಕನಿಷ್ಠ 12 ಅಕ್ಷರಗಳ ಹೊಂದಿಕೆಯನ್ನು ಕೇಳುತ್ತದೆ. ಈ ಭಾಗದ ಉದ್ದ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಒಂದೇ ಅಲ್ಲವಾದ್ದರಿಂದ ಗಿಡ್ಡವಾಗಿದ್ದವು ಉಳಿದುಕೊಂಡು, ಉದ್ದವಿದ್ದ ನಮ್ಮ ಹುಳಿಯ ಬಳಗ ಸದ್ದಿಲ್ಲದೆ ಕಸಕ್ಕೆ ಹೋಗಿತ್ತು.

ಬಿಡಿ ಘಟಕಗಳನ್ನು ಜೋಡಿಸಿದ ಪೈಪ್‌ಲೈನಿನ ಮಹತ್ವ ಇಲ್ಲಿದೆ. ಕತ್ತರಿಸುವುದು, ಬೆಸೆಯುವುದು, ಹೆಸರು ಹಚ್ಚುವುದು ಬೇರೆಬೇರೆ ಹಂತಗಳಾಗಿದ್ದರೆ ಪ್ರತಿ ಹಂತಕ್ಕೆ ಎಷ್ಟು ಓದುಗಳು ಬಂದವು, ಎಷ್ಟು ಉಳಿದವು ಎಂಬ ಲೆಕ್ಕ ಕಣ್ಣಮುಂದೆ ಇರುತ್ತದೆ. ತಪ್ಪಿದ ಹಂತವನ್ನು ತಿದ್ದಿ ಅಲ್ಲಿಂದ ಮುಂದಕ್ಕಷ್ಟೇ ಮತ್ತೆ ನಡೆಸಿದರೆ ಸಾಕು. ಹಂತಗಳನ್ನು ಪೋಣಿಸುವ ‘ನೆಕ್ಸ್ಟ್‌ಫ್ಲೋ’, ‘ಸ್ನೇಕ್‌ಮೇಕ್’, ತಂತ್ರಾಂಶದ ಆವೃತ್ತಿಯನ್ನು ಹಾಗೆಯೇ ಕಾಪಿಡುವ ‘ಕಂಟೇನರ್’ ಎಂಬ ಕಟ್ಟುಗಳು ಎಲ್ಲವೂ ಉಚಿತವಾಗಿ ದೊರೆಯುತ್ತವೆ.

ಓದು ಯಾವ ಜೀವಿಯದೆಂದು ಹೋಲಿಸಿ ಹೆಸರು ಹಚ್ಚಲು ಬಳಸುವ ದತ್ತಸಂಚಯದ ಆವೃತ್ತಿಯನ್ನು ಬರೆದಿಡುವುದೂ ಅಷ್ಟೇ ಅಗತ್ಯ. 2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕುಲವನ್ನು 25 ಕುಲಗಳಾಗಿ ವಿಂಗಡಿಸಲಾಯಿತು. ಅದಕ್ಕೆ ಹಿಂದಿನ ಪ್ರಬಂಧವನ್ನೂ ಇಂದಿನದನ್ನೂ ಪಕ್ಕದಲ್ಲಿಟ್ಟು ಓದುವವರಿಗೆ ಭರಣಿಯೊಳಗಿನ ಜೀವಿಗಳೇ ಬದಲಾದಂತೆ ತೋರಬಹುದು, ಬದಲಾದದ್ದು ಹೆಸರು.

ಆದ್ದರಿಂದ ಮಂಗಳೂರು, ಉಡುಪಿಯ ಕಾಲೇಜುಗಳಲ್ಲೂ ವಿಶ್ವವಿದ್ಯಾಲಯದಲ್ಲೂ ಇಂಥ ಪ್ರಬಂಧವನ್ನು ಸ್ವೀಕರಿಸುವಾಗ ಕಚ್ಚಾ ದತ್ತಾಂಶ, ಪೈಪ್‌ಲೈನಿನ ಕಡತ ಮತ್ತು ಪ್ರತಿ ಹಂತದ ಲೆಕ್ಕವನ್ನು ಕಡ್ಡಾಯವಾಗಿ ಕೇಳಬೇಕೆಂದೂ, ಹೊರಗಿನ ಪ್ರಯೋಗಾಲಯಗಳೊಂದಿಗೆ ಮಾಡಿಕೊಳ್ಳುವ ಒಪ್ಪಂದದಲ್ಲೇ ಇದನ್ನು ಸೇರಿಸಬೇಕೆಂದೂ ವಿನಂತಿಸುತ್ತೇನೆ. ನಮ್ಮ ವಿಭಾಗದಲ್ಲಿ ಈ ವರ್ಷದಿಂದ ಹಾಗೆಯೇ ಮಾಡುತ್ತಿದ್ದೇವೆ.

ಇಂತು,
ಸೂಕ್ಷ್ಮಾಣುಜೀವಿ ವಿಜ್ಞಾನದ ಉಪನ್ಯಾಸಕಿ, ಉಡುಪಿ