ಹೋರಿ ಕೊಟ್ಟರು, ಹಸು ಕೊಡಲಿಲ್ಲ

ಪ್ರೀತಿಯ ತಮ್ಮನಿಗೆ,

ದಕ್ಷಿಣ ಚೀನಾದ ಹಳೇ ಕಾಲದ ನಾನ್‌ಯುಯೆ ರಾಜ್ಯದ ಮೇಲೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ತಪ್ಪೇನಿಲ್ಲ. ಆದರೆ ಮೊದಲ ಪುಟದಲ್ಲೇ ಹನ್ನೊಂದು ಹೆಸರು! ಲು ಜಿಯಾ ಯಾರು, ಲ್ಯು ಜಿಯಾ ಯಾರು ಅಂತ ನಾನೇ ತಡಕಾಡಿದೆ. ಓದುವವನು ಎದ್ದು ಹೋಗುತ್ತಾನೆ, ಅಲ್ವಾ?

ಆರನೇ ಪುಟದ ಮೂಲೆಯಲ್ಲಿ ಒಂದು ಸಾಲಿದೆ. ಉತ್ತರದ ಹಾನ್ ಸಾಮ್ರಾಜ್ಯದ ರಾಣಿ ಲ್ಯು ದಕ್ಷಿಣಕ್ಕೆ ಕಬ್ಬಿಣ, ಬೇಸಾಯದ ಸಾಮಾನು ಹೋಗದಂತೆ ತಡೆದಳು. ಕುದುರೆ, ದನ, ಕುರಿ ಮಾರಿದರೂ ಗಂಡನ್ನೇ ಮಾರಿ ಅಂದಳು. ಅಯ್ಯೋ ಮಾರಾಯ, ಇದನ್ನು ಯಾಕೆ ಬಚ್ಚಿಟ್ಟೆ? ಹೋರಿ ಉಳುತ್ತದೆ, ಕರು ಹಾಕುವುದಿಲ್ಲ. ಅದು ಮುದಿಯಾದರೆ ಮತ್ತೆ ಉತ್ತರದವರ ಮುಂದೆಯೇ ಕೈಯೊಡ್ಡಬೇಕು. ನೇಗಿಲಿನ ಗುಳ ಸವೆದರೆ ಹೊಸದಿಲ್ಲ. ಗಡಿ ರಾಜ್ಯದ ಪಾಡು ಇಷ್ಟರಲ್ಲೇ ಗೊತ್ತಾಗುತ್ತದೆ.

ಆಮೇಲೆ ಈ ರಾಜ್ಯ ಕಟ್ಟಿದ ಝಾವೊ ಟುವೊನನ್ನು ಕರೆದು ತಾ. ಅವನೂ ಉತ್ತರದವನೇ, ಹಾನ್‌ಗೂ ಮೊದಲಿದ್ದ ಚಿನ್ ಸಾಮ್ರಾಜ್ಯದ ಅಧಿಕಾರಿ. ಚಿನ್ ಬಿದ್ದಾಗ ಬೆಟ್ಟದ ದಾರಿಗಳನ್ನು ಮುಚ್ಚಿಸಿ, ಈಗಿನ ಗುವಾಂಗ್‌ಝೌನಲ್ಲಿ ರಾಜನಾಗಿ ಕೂತ. ಕ್ರಿ.ಪೂ. 196ರಲ್ಲಿ ಹಾನ್ ದೂತ ಬಂದಾಗ ಅಲ್ಲಿನ ಯುಯೆ ಜನರಂತೆ ತುರುಬು ಕಟ್ಟಿ, ಕಾಲು ಚಾಚಿಕೊಂಡೇ ಮಾತಾಡಿಸಿದ. ‘ಸ್ಥಳೀಯ ಸಂಸ್ಕೃತಿಯನ್ನು ಅಳವಡಿಸಿಕೊಂಡನು’ ಅಂತ ಬರೆದಿದ್ದೀಯಲ್ಲ, ಅದನ್ನು ಹೊಡೆದುಹಾಕು. ತುರುಬು ಸಾಕು.

ಕಬ್ಬಿಣ ನಿಂತ ಸಿಟ್ಟಿಗೆ ತಾನೂ ಚಕ್ರವರ್ತಿ ಅಂದ. ಕ್ರಿ.ಪೂ. 179ರಲ್ಲಿ ಹೊಸ ಹಾನ್ ದೊರೆ ವೆನ್, ಟುವೊನ ಹಿರಿಯರ ಸಮಾಧಿ ನೋಡಿಕೊಳ್ಳಲು ಜನ ಇಟ್ಟು, ನಯವಾಗಿ ಒಂದು ಕಾಗದ ಬರೆದ. ಇವನೂ ಬಿರುದು ಬಿಟ್ಟೆ ಅಂದ. 40 ಜೋಡಿ ಜೀವಂತ ಮಿಂಚುಳ್ಳಿ, 2 ಜೋಡಿ ನವಿಲು ಕಳಿಸಿದ. ಬಿಟ್ಟದ್ದು ಸುಮ್ನೆ ಬಾಯಿಮಾತಿಗೆ! 1983ರಲ್ಲಿ ಅವನ ಮೊಮ್ಮಗನ ಸಮಾಧಿ ಸಿಕ್ಕಿತು. ಒಳಗೆ ಚಿನ್ನದ ಮುದ್ರೆ. ಅದರಲ್ಲಿ ಕೆತ್ತಿದ್ದು ರಾಜ ಅಂತಲ್ಲ, ಚಕ್ರವರ್ತಿ ಅಂತ.

ಕೊನೆಯ ಯುದ್ಧಕ್ಕೆ ನಾಲ್ಕು ಪುಟ ಜಾಸ್ತಿ ಆಯಿತು. 93 ವರ್ಷ, ಐದು ರಾಜರು, ಕ್ರಿ.ಪೂ. 111ರಲ್ಲಿ ಹಾನ್ ಸೈನ್ಯ ಬಂದು ಊರು ಸುಟ್ಟಿತು. ಇಷ್ಟು ಹೇಳಿ ಮುಂದೆ ಹೋಗು. ನಿಲ್ಲಬೇಕಾದದ್ದು ಅದಕ್ಕೂ ಮೊದಲಿನ ಆ ಔತಣದಲ್ಲಿ. ಉತ್ತರದಿಂದ ಬಂದ ರಾಜಮಾತೆಗೆ ಹಾನ್ ಜೊತೆ ಸೇರುವ ಆಸೆ. ಮೂರು ರಾಜರನ್ನು ಕಂಡ ಮುದಿ ಮಂತ್ರಿ ಲ್ಯು ಜಿಯಾ ಒಪ್ಪುವುದಿಲ್ಲ. ಅವಳು ಈಟಿ ಎತ್ತಿದಳು. ತಡೆದದ್ದು ಅವಳ ಮಗನೇ, ಆ ಎಳೆಯ ರಾಜ. ಕೆಲವು ತಿಂಗಳಲ್ಲಿ ಅದೇ ಮಂತ್ರಿ ತಾಯಿ ಮಗ ಇಬ್ಬರನ್ನೂ ಕೊಂದ. ನೀನು ಇದನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀಯ.

ತಿದ್ದಿ ಕಳಿಸು. ಈ ಸಲ ಗಡಿಯ ದನದ ಸಂತೆ ಮೊದಲು ಬರಲಿ.

ನಿನ್ನ ಅಣ್ಣ