ಬಾಟಲಿಯ ಆಚೆಬದಿಯವರಿಗೆ ಧನ್ಯವಾದ

ಮೂತ್ರದಲ್ಲಿನ ಬ್ಯಾಕ್ಟೀರಿಯಾಗಳನ್ನು ಪ್ಲೇಟಿನಲ್ಲಿ ಬೆಳೆಸಿ ಸೋಂಕು ಪತ್ತೆಹಚ್ಚುವ ನಮ್ಮ ಯೂರಿನ್ ಕಲ್ಚರ್ ವಿಭಾಗಕ್ಕೆ ಇನ್ನೊಂದು ವರ್ಷ ತುಂಬಿತು. ರಿಪೋರ್ಟಿನ ಕೆಳಗಿರುವುದು ನಮ್ಮ ಸಹಿ. ಆದರೆ ಅದು ನಿಜ ಹೇಳುತ್ತದೋ ಇಲ್ಲವೋ ಎಂಬುದು ಎಷ್ಟೋ ಸಲ ಸ್ಯಾಂಪಲ್ ನಮ್ಮ ಕೈಸೇರುವ ಮೊದಲೇ ತೀರ್ಮಾನವಾಗಿರುತ್ತದೆ. ಅದಕ್ಕೇ ಈ ಧನ್ಯವಾದ ಆಚೆಬದಿಯವರಿಗೆ.

ಮೊದಲಿಗೆ, ಉರಿಯ ನಡುವೆಯೂ ಮೂತ್ರದ ಮೊದಲ ಧಾರೆ ಬಿಟ್ಟು, ನಡುವಿನದನ್ನಷ್ಟೇ ಹಿಡಿದು ಕೊಟ್ಟವರಿಗೆ. ಆ ಮೊದಲ ಧಾರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳನ್ನೂ ತೊಳೆದುಕೊಂಡು ಬರುತ್ತದೆ. ಅದು ಬಾಟಲಿಗೆ ಬಿದ್ದರೆ ಪ್ಲೇಟಿನಲ್ಲಿ ಮೂರ್ನಾಲ್ಕು ಬಗೆ ಬೆಳೆದು, 'ಮಿಶ್ರ ಬೆಳವಣಿಗೆ, ಮತ್ತೆ ಕಳಿಸಿ' ಎಂದು ಬರೆಯಬೇಕಾಗುತ್ತದೆ. 37 ಡಿಗ್ರಿಯಲ್ಲಿ 18ರಿಂದ 24 ಗಂಟೆ ಕಾದದ್ದೆಲ್ಲ ವ್ಯರ್ಥ. ಆ್ಯಂಟಿಬಯೋಟಿಕ್‌ನ ಮೊದಲ ಮಾತ್ರೆಗೂ ಮುನ್ನ ಸ್ಯಾಂಪಲ್ ಕೊಟ್ಟವರಿಗೆ ಇನ್ನೂ ಹೆಚ್ಚಿನ ಋಣ. ಮಾತ್ರೆ ನುಂಗಿದ ಮೇಲೆ ಸೋಂಕಿದ್ದರೂ ಪ್ಲೇಟ್ ಖಾಲಿ ಉಳಿಯಬಹುದು.

ಎರಡು ಗಂಟೆಯೊಳಗೆ ತಲುಪಿಸಿದ, ಆಗದಿದ್ದಾಗ ಫ್ರಿಜ್ಜಿನಲ್ಲಿಟ್ಟ ವಾರ್ಡಿನ ಸಿಸ್ಟರುಗಳಿಗೆ ನಮಸ್ಕಾರ. ಮೇಜಿನ ಮೇಲೇ ಬಿಟ್ಟರೆ ಮಿಲಿಲೀಟರಿಗೆ ಕೆಲವೇ ಸಾವಿರವಿದ್ದ ಬ್ಯಾಕ್ಟೀರಿಯಾ ಲಕ್ಷ ದಾಟಿ, ಇಲ್ಲದ ಸೋಂಕು ಇದ್ದಂತೆ ಕಾಣುತ್ತದೆ. ಕ್ಯಾಥೆಟರ್ (ಮೂತ್ರ ಹೊರಬರಲು ಹಾಕಿದ ನಳಿಕೆ) ಇದ್ದವರಲ್ಲಿ ಚೀಲದಿಂದ ತೆಗೆಯದೆ, ಸ್ಯಾಂಪಲ್ ತೆಗೆಯಲೆಂದೇ ನಳಿಕೆಯಲ್ಲಿರುವ ಪೋರ್ಟನ್ನು ಒರೆಸಿ, ಅಲ್ಲಿಂದಲೇ ಎಳೆದಿರಿ. ಚೀಲದ ಮೂತ್ರದಿಂದ ಮಾಡಿದ ಕಲ್ಚರ್, ನಮ್ಮ ಮಟ್ಟಿಗೆ, ಕಲ್ಚರೇ ಅಲ್ಲ.

ರಕ್ತದ ವಿಷಯದಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತ ಗೆಳೆಯರನ್ನು ನೆನೆಯಲೇಬೇಕು. ಮೂತ್ರದಲ್ಲಿ ಅದ್ದಿ ನೋಡುವ ಸ್ಟ್ರಿಪ್ ಹಸಿರಾದ ಮಾತ್ರಕ್ಕೆ ರಕ್ತಕಣ ಇದೆ ಎಂದಲ್ಲ: ಸ್ನಾಯುವಿನಿಂದ ಬರುವ ಮಯೋಗ್ಲೋಬಿನ್‌ಗೂ ಅದು ಹಾಗೇ ಬಣ್ಣ ತಿರುಗುತ್ತದೆ. ಬೀಟ್‌ರೂಟ್, ಕ್ಷಯದ ಔಷಧ ರಿಫಾಂಪಿಸಿನ್ ಮೂತ್ರವನ್ನೇ ಕೆಂಪಗೆ ಮಾಡುತ್ತವೆ. ಮೈಕ್ರೋಸ್ಕೋಪಿನ ಹೈ ಪವರ್‌ನಲ್ಲಿ ಒಮ್ಮೆಗೆ ಕಾಣುವ ಒಂದು ಕ್ಷೇತ್ರದಲ್ಲಿ ಮೂರು ಅಥವಾ ಹೆಚ್ಚು ಕೆಂಪುಕಣ ಕಂಡರೆ ಮಾತ್ರ ಅದನ್ನು ಗಂಭೀರವಾಗಿ ಎಣಿಸುವುದು.

ಸೋಂಕು ವಾಸಿಯಾದ ಮೇಲೂ ಮೂತ್ರ ಪರೀಕ್ಷೆಯನ್ನು ಮತ್ತೊಮ್ಮೆ ಬರೆದ ವೈದ್ಯರಿಗೆ ವಿಶೇಷ ಕೃತಜ್ಞತೆ. ಸೋಂಕಿನಿಂದ ಬಂದ ರಕ್ತ ಸೋಂಕಿನೊಂದಿಗೇ ಹೋಗಬೇಕು. ಹೋಗದಿದ್ದರೆ ಕಲ್ಲು, ಮೂತ್ರಪಿಂಡದ ಕಾಯಿಲೆ, ಮೂತ್ರಕೋಶದ ಗಡ್ಡೆ ಎಲ್ಲವನ್ನೂ ಹುಡುಕಬೇಕಾಗುತ್ತದೆ. ನೋವೇ ಇಲ್ಲದೆ ಕಣ್ಣಿಗೆ ಕಾಣುವಷ್ಟು ರಕ್ತ ಒಂದೇ ಸಲ ಹೋಗಿ ನಿಂತರೂ, ವಯಸ್ಸಾದವರಲ್ಲಿ, ಸಿಗರೇಟು ಸೇದುವವರಲ್ಲಿ ಅದನ್ನು ಬಿಡುವಂತಿಲ್ಲ. ರಕ್ತ ತೆಳುವಾಗಿಸುವ ಮಾತ್ರೆಯ ಮೇಲೆ ತಪ್ಪು ಹೊರಿಸಿ ಸುಮ್ಮನಾಗದೆ ಸಿಸ್ಟೋಸ್ಕೋಪಿಗೆ (ಮೂತ್ರಕೋಶದ ಒಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆಗೆ) ಕಳಿಸಿದಿರಲ್ಲ, ದೊಡ್ಡ ಉಪಕಾರ.

ಇನ್ನು, ಫಾರಂ ಪೂರ್ತಿ ತುಂಬಿದವರು. ಮುಟ್ಟಿನ ದಿನ, ಕ್ಯಾಥೆಟರ್, ನಡೆಯುತ್ತಿರುವ ಔಷಧ, ಗರ್ಭಿಣಿಯೇ ಎಂಬುದು. ಲಕ್ಷಣಗಳಿಲ್ಲದೆ ಬರೀ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಔಷಧ ಬೇಡ, ಗರ್ಭಿಣಿಗಾದರೆ ಬೇಕೇ ಬೇಕು. ಆ ಒಂದು ಪದ ಬರೆದು ಕಳಿಸಿದ್ದಕ್ಕೆ ವಂದನೆ.